ನಲವತ್ತೊಂದನೆಯ ಬಟ್ಟಲು

"ಬೀಗ ಮುಟ್ಟಬ್ಯಾಡ," ಎಂದಳು ಹನುಮಂತಮ್ಮ.

ಅಂದದ್ದು ಅಷ್ಟೇ. ಆದರೆ ಆ ದನಿಗೆ ಹೊಂಗೆದೊಡ್ಡಿಯ ಅರಳಿಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಕೈಲಾಂಚದ ಬಸ್‌ಸ್ಟಾಂಡು ಕಾಣುವ ತನಕ ಒಂದೂ ರೆಕ್ಕೆ ಮಡಿಸಲಿಲ್ಲ. ಮೊಸರು ಸಂಘದ ಶೆಡ್ಡಿನ ಬಾಗಿಲಿಗೆ ಕೈ ಹಾಕಿದ್ದ ಅಧ್ಯಕ್ಷೆ ಗಂಗಲಕ್ಷ್ಮಮ್ಮ, ಕಾದ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

"ನಮ್ಮ ಸಂಘದ ಬೀಗ ನಾನು ಮುಟ್ಟಬಾರ್ದಾ?"

"ನಾನು ತೆಗೆಯೋ ಗಂಟ ಅದು ನನ್ನ ಬೀಗ. ನಿನ್ನೆ ಬೆಳಗ್ಗೆ ನೀನೇ ಒಪ್ಪಿದ್ದೆ."

ಗಂಟೆ ಆಗ ಮಧ್ಯಾಹ್ನ ಮೂರು. ಎಂಟು ದಿನದಿಂದ ಸಂಘದ ದೊಡ್ಡ ಡ್ರಮ್ಮಿನಲ್ಲಿ ಹಾಲು ಮೊಸರಾಗದೆ ನೀರಾಡುತ್ತಿತ್ತು. ಹೆಪ್ಪು ಹಾಕುವ ಫಿರೋಜಾಳೇ ಏನೋ ಬೆರೆಸಿದ್ದಾಳೆಂದು ಊರು ಗೊಣಗುತ್ತಿತ್ತು. ಐದು ಗಂಟೆಗೆ ಅರಳಿಕಟ್ಟೆಯಲ್ಲಿ ಉಳಿದ ಮೂವತ್ತೊಂದು ಹೆಂಗಸರು ಕೈಯೆತ್ತಿ ಅವಳನ್ನು ಸಂಘದಿಂದ ಹೊರಹಾಕುವುದೆಂದು ನಿಶ್ಚಯವಾಗಿತ್ತು.

ಹನುಮಂತಮ್ಮನಿಗೆ ಉಳಿದದ್ದು ಎರಡು ತಾಸು. ಎರಡು ತಾಸು ಸಾಲದೆ ಹೋಗಲು ಅವಳೇನು ಸಾಮಾನ್ಯದವಳೇ? ರಾಮನಗರದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು, ಒಂದೊಂದೇ ತಾಯಿಚಿಟ್ಟೆಯನ್ನು ಅರೆದು, ಆ ಹನಿಯೊಳಗೆ ಹುಳುಗಳನ್ನು ಕೊಲ್ಲುವ ಗಂಟುರೋಗದ ಕಾಳು ಇದೆಯೋ ಇಲ್ಲವೋ ಎಂದು ನೋಡಿದವಳು. ಬ್ರಹ್ಮ ಮಾಡಿದ ಚಿಟ್ಟೆಗಳೇ ಮೂರು ಕೋಟಿ; ಹನುಮಂತಮ್ಮ ನೋಡಿದ್ದು ನಾಲ್ಕು. ರಿಟೈರಾದ ಮೇಲೆ ಹಳೆಯ ಹಿತ್ತಾಳೆ ಸೂಕ್ಷ್ಮದರ್ಶಕವೊಂದನ್ನು ಕೊಂಡು, ಅದನ್ನು ಗಫಾರನ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ನಾಲ್ಕು ತಾಲ್ಲೂಕಿನ ಕಳ್ಳತನಗಳನ್ನು ಹಿಡಿಯುತ್ತ ಬಂದಿದ್ದಳು. "ಆನೆ ಕಳೆದ್ರೆ ಪೊಲೀಸ್ ಹತ್ರ ಹೋಗಿ, ಇರುವೆ ಕಳೆದ್ರೆ ನನ್ನ ಹತ್ರ ಬನ್ನಿ," ಎನ್ನುವುದು ಅವಳ ಬೋರ್ಡಿಲ್ಲದ ಬೋರ್ಡು.

ಗಂಗಲಕ್ಷ್ಮಮ್ಮ ಸೊಂಟದಿಂದ ಒಂದು ಪೊಟ್ಟಣ ತೆಗೆದು ಅವಳ ಮೂಗಿನ ಕೆಳಗೆ ಹಿಡಿದಳು.

"ಬೀಗ ಬುಡು. ಇದ್ನ ನೋಡು. ಮೊನ್ನೆ ಡ್ರಮ್ಮಿನ ಹಿಂದೆ ಸಿಕ್ತು. ಫಿರೋಜಾನ ದುಪಟ್ಟಾ ತುಂಡಲ್ಲಿ ಸುತ್ತೈತೆ."

ಒಳಗೆ ಬಿಳಿ ಪುಡಿ. ಹನುಮಂತಮ್ಮ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಗಫಾರ್ ಆಟೋದಿಂದಲೇ ಕಣ್ಣು ಮುಚ್ಚಿದ.

"ಅಕ್ಕಾ, ವಿಷ ಆಗಿದ್ರೆ ಮೊದ್ಲು ನನ್ನ ಬಾಡಿಗೆ ಹೋಯ್ತದೆ ಕಣಕ್ಕಾ."

"ಸೋಡಾ," ಎಂದು ಉಗಿದಳು ಹನುಮಂತಮ್ಮ. "ಫಿರೋಜಾ, ಇದ್ಯಾಕಮ್ಮಾ?"

ಶೆಡ್ಡಿನ ನೆರಳಲ್ಲಿ ಬೋರಲು ಹಾಕಿದ ಹಾಲಿನ ಕ್ಯಾನಿನ ಮೇಲೆ ಕೂತಿದ್ದವಳು ತಲೆಯೆತ್ತಿದಳು. ನಲವತ್ತರ ಹೆಂಗಸು, ಕಿವಿಯ ಸಂದಿಯಲ್ಲಿ ಬಡಗಿಯ ಪೆನ್ಸಿಲ್ಲಿನಂತೆ ಒಂದು ಇದ್ದಿಲ ತುಂಡು. ಎಂಟು ದಿನ ನಿದ್ದೆಯಿಲ್ಲದ ಕಣ್ಣು.

"ಡ್ರಮ್ಮು ತೊಳೆಯಕ್ಕೆ. ಸೋಪು ಹಾಕುದ್ರೆ ವಾಸನೆ ಉಳೀತದೆ ಅಂತ ಗಂಗಕ್ಕಾನೇ ಹೇಳಿತ್ತು."

"ನಾನೇಳಿದ್ದು ಹೊರಗೆ ಇಟ್ಕೋ ಅಂತ. ಬಚ್ಚಿಡು ಅಂತಲ್ಲ," ಎಂದಳು ಗಂಗಲಕ್ಷ್ಮಮ್ಮ. ಆದರೆ ಪೊಟ್ಟಣ ಹಿಡಿದ ಕೈ ಒಂದು ಗೇಣು ಕೆಳಗಿಳಿಯಿತು.

"ಕೇಳು ಗಂಗೂ," ಎಂದಳು ಹನುಮಂತಮ್ಮ. "ಹಾಲಿಗೆ ಏನಾರಾ ಕೆಟ್ಟದ್ದು ಬೆರೆಸಿದ್ರೆ ಹೆಪ್ಪಿನ ಕ್ರಿಮಿ ಸಾಯ್ತವೆ. ನಿನ್ನೆ ನಿಮ್ಮ ಡ್ರಮ್ಮಿನ ಒಂದು ಹನಿ ಗಾಜಿನ ಮ್ಯಾಲಿಟ್ಟು ನೋಡಿದ್ನಲ್ಲ, ಸತ್ತವರು ಯಾರೂ ಇಲ್ಲ. ಶನಿವಾರ ಕೆಂಗಲ್ ಹನುಮಪ್ಪನ ಮುಂದೆ ಸಾಲು ನಿಂತಂಗೆ ನಿಂತವೆ. ಮಣಿಸರದಂಥವು ಒಂದು ಜಾತಿ, ಕಡ್ಡಿಯಂಥವು ಒಂದು ಜಾತಿ. ಎಲ್ಲ ಜೀವಂತ."

"ಬದುಕಿದ್ರೆ ಯಾಕೆ ಕೆಲ್ಸ ಮಾಡ್ತಿಲ್ಲ?"

"ಅದೇ ಪ್ರಶ್ನೆ."

ಅರಳಿಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತಿದ್ದ ನಾಲ್ಕೈದು ಗಂಡಸರು ಇತ್ತಲೇ ಕಿವಿ ನೆಟ್ಟಿದ್ದರು. ಅವರ ನಡುವೆ ಗಂಗಲಕ್ಷ್ಮಮ್ಮನ ಗಂಡ ದೊಡ್ಡಹನುಮಯ್ಯ. ಅವನ ಮೀಸೆ ಎಷ್ಟು ಅಗಲವೆಂದರೆ ಬಸ್ಸಿನಲ್ಲಿ ಅದಕ್ಕೇ ಎರಡು ಸೀಟು ಬೇಕು.

"ಹೆಪ್ಪಂತೆ, ಕ್ರಿಮಿಯಂತೆ," ಎಂದು ಅವನು ಪಕ್ಕದವರಿಗೆ ಕೇಳುವಂತೆ ಗೊಣಗಿದ. "ಹೆಂಗಸ್ರ ಕೆಲ್ಸಕ್ಕೆ ದುರ್ಬೀನು ತಂದವ್ರೆ. ನಾನು ಮೊಸರು ಗಡಿಗೆ ಮುಟ್ಟಿದ ದಿನ ಈ ಮೀಸೆ ಉದುರೋಗ್ಲಿ ಕಣ್ಲಾ."

"ಉದುರಿದ್ರೆ ಹೇಳಣ್ಣ, ಆಟೋ ಸೀಟಿಗೆ ತುಂಬ್ತೀನಿ," ಎಂದ ಗಫಾರ್. ಗಂಡಸರು ನಕ್ಕರು. ದೊಡ್ಡಹನುಮಯ್ಯ ನಗಲಿಲ್ಲ.

ಹನುಮಂತಮ್ಮ ಆಗಲೇ ಶೆಡ್ಡಿನ ಪಕ್ಕದ ಗೋಡೆಯತ್ತ ತಿರುಗಿದ್ದಳು. ಸುಣ್ಣದ ಗೋಡೆಯ ತುಂಬ ಇದ್ದಿಲ ಗೀಟು. ನೂರಾರು ಗೀಟು, ಗುಂಪುಗುಂಪಾಗಿ, ಮೊಣಕಾಲೆತ್ತರದಿಂದ ಆಳೆತ್ತರದ ತನಕ. ಊರಿನವರಿಗೆ ಅದು ಫಿರೋಜಾಳ ಹುಚ್ಚು. ಹನುಮಂತಮ್ಮನಿಗೆ ಅದು, ನಿನ್ನೆಯಿಂದ, ನಿಧಿಯ ನಕ್ಷೆ.

"ಇದೇನು ಅಂತ ಇವಳಿಗೆ ಹೇಳಮ್ಮ ಫಿರೋಜಾ."

"ದಿನಾ ಹೆಪ್ಪು ಹಾಕಿ ಎಷ್ಟು ಗಂಟೆಗೆ ಮೊಸರು ಗಟ್ಟಿ ಆಯ್ತೋ ಅಷ್ಟು ಗೀಟು. ಮರೀಬಾರ್ದು ಅಂತ."

"ಮೊದಲನೆ ದಿನ?"

"ಯುಗಾದಿ ಆದ ಮೂರನೆ ದಿನ. ಐದು ಗೀಟು."

"ಆಷಾಢದಲ್ಲಿ?"

"ಏಳು. ಗೌರಿ ಹಬ್ಬಕ್ಕೆ ಒಂಬತ್ತು. ದಸರಾ ಆದ್ಮೇಲೆ ಹನ್ನೆರಡು, ಹದ್ನಾಲ್ಕು. ಚಳಿಗೆ ಅಂದ್ಕಂಡೆ. ಗೋಣಿ ಸುತ್ತಿದೆ, ಬಿಸಿನೀರಲ್ಲಿ ಕೂರಿಸ್ದೆ. ಆಮೇಲೆ..." ಅವಳ ಬೆರಳು ಗೀಟಿಲ್ಲದ ಬಿಳಿ ಜಾಗದ ಮೇಲೆ ನಿಂತಿತು. "ಎಂಟು ದಿನದಿಂದ ಗೀಟೇ ಇಲ್ಲ."

"ವಿಷ ಹಾಕಿದ್ರೆ ಒಂದೇ ದಿನಕ್ಕೆ ಬೀಳ್ತದೆ," ಎಂದಳು ಹನುಮಂತಮ್ಮ. "ಇದು ಎಂಟು ತಿಂಗಳಿಂದ ಒಂದೊಂದೇ ಮೆಟ್ಟಿಲು ಇಳಿದೈತೆ. ಯಾರೋ ಹೊರಗಿಂದ ಬಂದು ಕೆಡಿಸಿದ್ದಲ್ಲ. ಕೆಡಿಸಿದವರು ಡ್ರಮ್ಮೊಳಗೇ ಅವ್ರೆ."

ಗಂಗಲಕ್ಷ್ಮಮ್ಮ ಗೋಡೆಯನ್ನು ನೋಡಿದಳು. ಅವಳಿಗೂ ಲೆಕ್ಕ ಬರುತ್ತಿತ್ತು. ಆದರೆ ಸುಲಭಕ್ಕೆ ಸೋಲುವ ಹೆಂಗಸಲ್ಲ. ಹೊಂಗೆದೊಡ್ಡಿಯ ಬೋರ್‌ವೆಲ್ಲು ಒಂದು ಸಲ ಅವಳ ಬೈಗುಳಕ್ಕೆ ಹೆದರಿ ನೀರು ಕೊಟ್ಟಿತೆಂದು ಪ್ರತೀತಿ.

"ಹಂಗಾರೆ ಮರಿಯಪ್ಪ? ಕೆಂಗಲ್ಲಲ್ಲಿ ಪ್ಯಾಕೆಟ್ ಮೊಸರು ಮಾರ್ತಾನಲ್ಲ. ನಮ್ಮ ಮೊಸರು ಕೆಟ್ಟ ದಿನದಿಂದ ಅವನ ಮೋಪೆಡ್ಡು ನೆಲಕ್ಕೆ ತಾಗ್ತಿಲ್ಲ."

"ಅವನನ್ನ ಮೊನ್ನೆ ಗಫಾರ್ ಆಟೋದಲ್ಲೇ ಕೂರಿಸ್ಕಂಡು ವಿಚಾರಿಸ್ದೆ. ಅವನು ನಿಮ್ಮೂರಿಗೆ ಬಂದು ಎರಡು ವರ್ಷ ಆಯ್ತು. ಕೊನೆ ಸಲ ಬಂದಾಗ ನೀನೇ ಪೊರಕೆ ತಗಂಡಿದ್ಯಂತಲ್ಲ."

"ತಗಂಡಿದ್ದೆ," ಎಂದು ಗಂಗಲಕ್ಷ್ಮಮ್ಮ ತುಸು ಸಮಾಧಾನದಿಂದ ಹೇಳಿದಳು. ಆಮೇಲೆ ದನಿ ಕುಗ್ಗಿಸಿ, "ನಂಗೂ ಇವಳ ಮ್ಯಾಲೆ ಹಗೆಯಿಲ್ಲ ಹನುಮಕ್ಕ. ಆದ್ರೆ ಕಳ್ಳತನ ಅಂದ್ರೆ ಈಗ ನಂಗೆ ಎಲ್ಲೆಲ್ಲೂ ಕಾಣ್ತದೆ. ನಮ್ಮನೇಲೂ ದಿನಾ ಅರ್ಧ ಲೋಟ ಹಾಲು ಕಮ್ಮಿ. ಪಾತ್ರೆ ಮುಚ್ಚಿದ್ರೂ ಕಮ್ಮಿ. ಬೆಕ್ಕು ಅಂತ ನಮ್ಮ ಯಜಮಾನ್ರು ಅಂತಾರೆ."

"ಮುಚ್ಚಿದ ಪಾತ್ರೆ ತೆಗೆದು, ಕುಡಿದು, ತಿರುಗಿ ಮುಚ್ಚೋ ಬೆಕ್ಕು?"

"ಬುದ್ಧಿವಂತ ಬೆಕ್ಕು."

ಹನುಮಂತಮ್ಮ ಆ ಬೆಕ್ಕನ್ನು ಮನಸ್ಸಿನ ಒಂದು ಮೂಲೆಯಲ್ಲಿ ಕಟ್ಟಿಹಾಕಿ, ಸೊಂಟದ ಕೀಲಿ ತೆಗೆದಳು. ಆ ಬೀಗಕ್ಕೆ ಎರಡೇ ಕೀಲಿ. ಒಂದು ನಿನ್ನೆಯಿಂದ ಅವಳ ಸೊಂಟದಲ್ಲಿ. ಇನ್ನೊಂದು ಗಂಗಲಕ್ಷ್ಮಮ್ಮನ ಮನೆಯ ದೇವರ ಗೂಡಿನ ಮೊಳೆಯಲ್ಲಿ.

"ಬನ್ನಿ. ಕಳ್ಳರ ಪೆರೇಡು ನೋಡೋಣ."

ಶೆಡ್ಡಿನೊಳಗೆ ಹಾಲಿನ ಹಳೆಯ ವಾಸನೆ. ನಡುವೆ ಆ ಡ್ರಮ್ಮು: ಮಿಂಚುವ ಸ್ಟೀಲು, ನೆತ್ತಿಯ ಮೇಲೆ ಕಲಸುವ ಮೋಟರು. ಕುಂಭಕರ್ಣನಿಗೆ ಪಾಯಸ ಮಾಡಿದ ಪಾತ್ರೆ ಇದಕ್ಕಿಂತ ಒಂದು ಸುತ್ತು ಚಿಕ್ಕದಿತ್ತಂತೆ. ಎಂಟು ತಿಂಗಳ ಹಿಂದೆ, ಯುಗಾದಿಯ ವಾರ, ಊರಿನ ಮೂವತ್ತೆರಡು ಮನೆಯ ಹೆಪ್ಪನ್ನೂ ತಂದು ಇದರೊಳಗೆ ಸುರಿದಿದ್ದರು. "ಇನ್ಮೇಲೆ ನಮ್ಮನೆ ಹೆಪ್ಪು ನಿಮ್ಮನೆ ಹೆಪ್ಪು ಅಂತ ಭೇದ ಇಲ್ಲ, ಊರಿಗೆಲ್ಲ ಒಂದೇ ಹೆಪ್ಪು," ಎಂದು ಗಂಗಲಕ್ಷ್ಮಮ್ಮ ಭಾಷಣ ಮಾಡಿದ್ದಳು. ಯಾರೂ ಮನೆಯಲ್ಲಿ ಬೇರೆ ಗಡಿಗೆ ಇಡಬಾರದು, ಇಟ್ಟವರು ಸಂಘದಲ್ಲಿರಬಾರದು ಎಂದು ಮೂವತ್ತೆರಡು ಹೆಂಗಸರೂ ಕೆಂಗಲ್ ಆಂಜನೇಯನ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದ್ದರು. ಫಿರೋಜಾ ಕೂಡ ತಲೆಯ ಮೇಲೆ ಸೆರಗೆಳೆದು ಕರ್ಪೂರ ಮುಟ್ಟಿದ್ದಳು.

ಗೋಡೆಯ ಉದ್ದಕ್ಕೂ ಹಲಗೆಯ ಮೇಲೆ ಸ್ಟೀಲು ಬಟ್ಟಲುಗಳ ಸಾಲು. ಒಂದೊಂದರ ಮೇಲೂ ಒಂದು ಕರಿಯ ಪ್ಲಾಸ್ಟಿಕ್ ಮುಚ್ಚಳ.

ಆ ಮುಚ್ಚಳಗಳು ಹನುಮಂತಮ್ಮನ ಹಳೆಯ ಕಚೇರಿಯವು. ಮೊಟ್ಟೆ ಕೇಂದ್ರದಲ್ಲಿ ತಾಯಿಚಿಟ್ಟೆಗಳನ್ನು ಒಟ್ಟಿಗೆ ಬಿಡುವುದಿಲ್ಲ. ಒಂದು ಚಿಟ್ಟೆಗೆ ಒಂದು ಮುಚ್ಚಳ. ಅದರಡಿ ಅದು, ಅದರ ಮೊಟ್ಟೆ. ಒಟ್ಟಿಗೆ ಬಿಟ್ಟರೆ ರೋಗದ್ದು ಯಾವುದು, ಒಳ್ಳೆಯದು ಯಾವುದು, ಇಂದ್ರನಿಗೂ ತಿಳಿಯದು. ಬೇರೆ ಬೇರೆ ಇಟ್ಟರೆ ಒಂದೊಂದೂ ತನ್ನ ಸಾಕ್ಷಿ ತಾನೇ ಹೇಳುತ್ತದೆ. ಮೂವತ್ತೊಂದು ವರ್ಷ ಮಾಡಿದ ಕೆಲಸ ನಿನ್ನೆ ಬೆಳಗ್ಗೆ ಹಲ್ಲುಜ್ಜುವಾಗ ಅವಳ ತಲೆಗೆ ಬಡಿದಿತ್ತು. ಡ್ರಮ್ಮಿನ ಹೆಪ್ಪಿನ ಒಂದು ಹನಿಯನ್ನು ಕುದಿಸಿ ಆರಿಸಿದ ನೀರಿಗೆ ಹಾಕಿ, ಅದರ ಹನಿಯನ್ನು ಇನ್ನೊಂದು ನೀರಿಗೆ, ಅದರದನ್ನು ಮತ್ತೊಂದಕ್ಕೆ, ಹೀಗೆ ತೆಳುವಾಗಿಸುತ್ತ ಹೋಗಿ, ಕೊನೆಗೆ ಒಂದೊಂದು ಬಟ್ಟಲು ಕಾಯಿಸಿದ ಹಾಲಿಗೆ ಬೆರಳೆಣಿಕೆಯಷ್ಟೇ ಕ್ರಿಮಿ ಬೀಳುವಂತೆ ಮಾಡಿದ್ದಳು. ಮೂವತ್ತು ತಾಸು ಕಾದದ್ದು ಅದಕ್ಕೆ.

"ತೆಗಿ ಗಂಗೂ. ನೀನೇ ತೆಗಿ."

ಗಂಗಲಕ್ಷ್ಮಮ್ಮ ಮೊದಲ ಮುಚ್ಚಳ ತೆಗೆದಳು. ಹಾಲು. ಎರಡನೆಯದು ಹಾಲು. ಮೂರು, ನಾಲ್ಕು, ಐದು. ಎಲ್ಲ ಹಾಲು. ಬಾಗಿಲಲ್ಲಿ ನಿಂತ ಫಿರೋಜಾ ಒಂದೊಂದು ಬಟ್ಟಲಿಗೂ ಕತ್ತು ಚಾಚಿ ನೋಡುತ್ತಿದ್ದಳು.

ಆರನೆಯ ಬಟ್ಟಲನ್ನು ಗಂಗಲಕ್ಷ್ಮಮ್ಮ ಓರೆ ಮಾಡಿದಳು. ಒಳಗಿನದು ಅಲುಗಲಿಲ್ಲ. ಪೂರ್ತಿ ಬೋರಲು ಹಾಕಿದಳು. ಬೀಳಲಿಲ್ಲ. ಆ ಮೊಸರಿನ ಮೇಲೆ ಆನೆ ನಿಲ್ಲಿಸಬಹುದಿತ್ತು; ಮಾವುತನೂ ಕೂರಬಹುದಿತ್ತು.

"ಅರೆ, ಅದೇ ಡ್ರಮ್ಮಿನ ಹೆಪ್ಪಾ ಇದು?" ಎಂದ ಗಫಾರ್.

"ಅದೇ ಡ್ರಮ್ಮು."

ಹಲಗೆಯ ಕೊನೆ ತಲುಪುವ ಹೊತ್ತಿಗೆ ಗಟ್ಟಿಯಾದವು ಏಳು ಸಿಕ್ಕಿದ್ದವು. ಉಳಿದವು ಹಾಲಾಗಿಯೇ ಇದ್ದವು. ಕೊನೆಯ ಒಂದು ಮುಚ್ಚಳ ಇನ್ನೂ ಮೂಲೆಯಲ್ಲಿತ್ತು. ಗಂಗಲಕ್ಷ್ಮಮ್ಮನಿಗೆ ಅದು ಬೇಡವಾಗಿತ್ತು, ಉತ್ತರ ಬೇಕಾಗಿತ್ತು.

"ಇದರ ಅರ್ಥ ಏನು?"

"ಹಾಲಿನ ಸತ್ವ ದೊಡ್ಡ ಮರದ ದಿಮ್ಮಿ ಇದ್ದಂಗೆ. ಈ ಕ್ರಿಮಿಗಳ ಬಾಯಿ ಸೂಜಿ ಕಣ್ಣಿಗಿಂತ ಸಣ್ಣದು. ದಿಮ್ಮಿ ಒಳಗೋಗಲ್ಲ. ಅದಕ್ಕೆ ಕೆಲವು ಕೊಡಲಿ ಇಟ್ಕಂಡಿರ್ತವೆ. ಕಡೀತವೆ, ಚಕ್ಕೆ ಹಾರ್ತವೆ. ಆ ಚಕ್ಕೆ ಕಡಿದೋರ ಬಾಯಿಗೂ ಬೀಳ್ತದೆ, ಪಕ್ಕದೋರ ಬಾಯಿಗೂ ಬೀಳ್ತದೆ."

"ಬೀಳ್ಲಿ. ಪಕ್ಕದೋರೂ ಕಡೀತಾರಲ್ಲ."

"ಕೆಲವರು ಕೊಡಲಿ ಬೀಳಿಸ್ಕಂಡುಬುಟ್ಟವ್ರೆ. ಹೊರೋ ಭಾರ ಇಲ್ಲ, ಮೈ ಹಗುರ. ಪುಗಸಟ್ಟೆ ತಿಂದು ದುಡಿಯೋರಿಗಿಂತ ಬೇಗ ಮರಿ ಹಾಕ್ತವೆ. ಈ ಡ್ರಮ್ಮಲ್ಲಿ ಮೋಟರು ಬೇರೆ ಕಲಸ್ತದೆ. ದುಡಿಯೋನ ಚಕ್ಕೆ ಮೂಲೆ ಮೂಲೇಲಿ ಕೂತ ಸೋಮಾರಿಗೂ ಮನೆ ಬಾಗಿಲಿಗೇ ಬತ್ತದೆ. ಇವತ್ತಿನ ಡ್ರಮ್ಮಿಂದ ನಾಳೆಗೆ ಹೆಪ್ಪು, ನಾಳೆದರಿಂದ ನಾಡಿದ್ದಿಗೆ. ದಿನಾ ಸೋಮಾರಿಗಳು ಒಸಿ ಜಾಸ್ತಿ, ದುಡಿಯೋರು ಒಸಿ ಕಮ್ಮಿ. ಎಂಟು ತಿಂಗಳು ಹಿಡೀತು. ಕೊನೆಗೆ ಕಡಿಯೋರೇ ಇಲ್ದೆ ಎಲ್ಲರೂ ಉಪವಾಸ."

"ಆ ಸೋಮಾರಿಗಳನ್ನ ಆರಿಸಿ ಹೊರಗೆ ಹಾಕು ಮತ್ತೆ. ದುರ್ಬೀನು ಐತಲ್ಲ."

"ದುರ್ಬೀನಲ್ಲಿ ಇಬ್ಬರೂ ಒಂದೇ ಥರ ಕಾಣ್ತಾರೆ ಗಂಗೂ. ನಾಲ್ಕು ಕೋಟಿ ಚಿಟ್ಟೆ ನೋಡಿದ ಕಣ್ಣು ಇದು, ಇದಕ್ಕೇ ಗೊತ್ತಾಗ್ಲಿಲ್ಲ. ಮುಖ ನೋಡಿ ಹೇಳಕ್ಕಾಗಲ್ಲ. ಬೇರೆ ಬೇರೆ ಬಟ್ಟಲಲ್ಲಿಟ್ಟು ಕೆಲ್ಸ ನೋಡಿ ಹೇಳ್ಬೇಕು."

ಗಂಗಲಕ್ಷ್ಮಮ್ಮ ಫಿರೋಜಾಳ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅವಳಿಗೆ ಸಾಕಷ್ಟು ಶ್ರಮವಾಯಿತು.

"ಒಂದು ಕೇಳ್ತೀನಿ," ಎಂದಳು ಹನುಮಂತಮ್ಮ. "ಮೊದ್ಲು ನಿನ್ನ ಮನೇಲಿ ಗಡಿಗೆ ಇದ್ದಾಗ ಒಂದಿನ ಮೊಸರು ಕೆಟ್ರೆ ಏನ್ ಮಾಡ್ತಿದ್ದೆ?"

"ತಿಪ್ಪೆಗೆ ಚೆಲ್ಲಿ, ಗಡಿಗೆ ಒಲೆ ಮ್ಯಾಲೆ ಬೋರಲಾಕಿ ಕಾಯಿಸಿ, ಫಿರೋಜಾನ ಮನೇಗೋಗಿ ಒಂದು ಚಮಚ ಇಸ್ಕಂಬತ್ತಿದ್ದೆ. ಅವಳದು ಕೆಟ್ರೆ ಅವಳು ನಮ್ಮನೆಗೆ ಬರೋಳು."

"ಅಲ್ಲಿಗೆ ನಿನ್ನ ಗಡಿಗೆ ಸೋಮಾರಿಗಳ ವಂಶ ತಿಪ್ಪೇಲಿ ಮುಗೀತು. ಯಾರ ಗಡಿಗೇಲಿ ದುಡಿಯೋರಿದ್ರೋ ಆ ಹೆಪ್ಪು ಮನೆ ಮನೆ ಸುತ್ತಿ ಊರು ತುಂಬ್ತು. ಅಷ್ಟೇ ಅಲ್ಲ. ಆ ಮಣಿ ಜಾತಿ, ಕಡ್ಡಿ ಜಾತಿ ಅವೆಯಲ್ಲ, ಅವೂ ನೀವಿಬ್ಬರು ಇದ್ದಂಗೇ. ಕಡ್ಡಿ ಕಡಿದು ಕೊಡ್ತದೆ, ಮಣಿ ಹುಳಿ ಎಬ್ಬಿಸಿ ಕಡ್ಡಿ ಬೆಳೆಯಕ್ಕೆ ದಾರಿ ಮಾಡ್ತದೆ. ಒಂದಿಲ್ದೆ ಇನ್ನೊಂದು ಸೊರಗ್ತದೆ. ನಿಮ್ಮಜ್ಜೀರು ಗಡಿಗೆ ಬೇರೆ ಬೇರೆ ಇಟ್ಟು ಹೆಪ್ಪು ಕೊಟ್ಟು ತಗಂಡಿದ್ದು ಸುಮ್ನಲ್ಲ."

"ಹಂಗಾರೆ ನಾನು ಒಗ್ಗಟ್ಟು ಮಾಡಿದ್ದೇ ತಪ್ಪಾ?"

ಈ ಮಾತು ಕೇಳುವಾಗ ಗಂಗಲಕ್ಷ್ಮಮ್ಮನ ದನಿ, ಬೋರ್‌ವೆಲ್ಲು ಹೆದರುವ ದನಿಯಾಗಿರಲಿಲ್ಲ.

"ಒಗ್ಗಟ್ಟು ತಪ್ಪಲ್ಲ ಕಣೆ. ಕಲಸಿದ್ದು ತಪ್ಪು. ಸಂಘ ಒಂದೇ ಇರ್ಲಿ, ಗಡಿಗೆ ಮೂವತ್ತೆರಡಿರ್ಲಿ. ಈ ಏಳು ಬಟ್ಟಲು ಸಾಕು. ಏಳು ಮನೇಗೆ ಕೊಡು, ಅಲ್ಲಿ ಚೆನ್ನಾಗಿ ಆಗಿದ್ನ ಮಿಕ್ಕಿದ ಮನೇಗೆ ಹಂಚು. ಹದಿನೈದು ದಿನಕ್ಕೆ ಕೆಂಗಲ್ ಹೋಟೆಲಿನೋರು ನಿಮ್ಮೂರಿಗೆ ಓಡೋಡಿ ಬರ್ತಾರೆ."

ಫಿರೋಜಾ ಕಿವಿಯಿಂದ ಇದ್ದಿಲು ತೆಗೆದಳು. ತೆಗೆದು, ಏನು ಮಾಡಬೇಕೆಂದು ತೋಚದೆ ಅಂಗೈಯಲ್ಲಿ ಹಿಡಿದು ಅತ್ತಳು. ಗಂಗಲಕ್ಷ್ಮಮ್ಮ ಅವಳ ಹತ್ತಿರ ಹೋದಳು. ಹೋಗಿ, ಸೋಡಾದ ಪೊಟ್ಟಣವನ್ನು ಅವಳ ಕೈಗಿತ್ತಳು.

"ತಗಾ. ಡ್ರಮ್ಮು ಚೆನ್ನಾಗಿ ತೊಳಿ. ರಾಗಿ ತುಂಬಿಡಕ್ಕಾಯ್ತದೆ."

ಕ್ಷಮೆ ಕೇಳುವುದು ಹೊಂಗೆದೊಡ್ಡಿಯಲ್ಲಿ ಹಾಗೆಯೇ. ಫಿರೋಜಾಳಿಗೆ ಅರ್ಥವಾಯಿತು. ಅತ್ತವಳು ನಕ್ಕಳು.

ಕೇಸು ಮುಗಿಯಿತೆಂದು ಗಫಾರ್ ಆಟೋ ತಿರುಗಿಸಲು ಹೊರಟ. ಹನುಮಂತಮ್ಮ ಅಭ್ಯಾಸಬಲದಿಂದ ಬಟ್ಟಲು ಎಣಿಸಿದಳು. ಮತ್ತೆ ಎಣಿಸಿದಳು. ಚಿಟ್ಟೆ ಎಣಿಸುವಾಗ ಒಂದು ಸಲವೂ ತಪ್ಪದ ಲೆಕ್ಕ ಈಗ ತಪ್ಪಿತ್ತು.

"ಗಫಾರ್, ನಿನ್ನೆ ಎಷ್ಟು ಬಟ್ಟಲಿಟ್ವಿ?"

"ನಲವತ್ತು. ನಾನೇ ತೊಳ್ದಿದ್ದು, ಇನ್ನೂ ಸೊಂಟ ನೋಯ್ತೈತೆ."

"ಇಲ್ಲಿ ನಲವತ್ತೊಂದವೆ."

ಮೂಲೆಯ ಮುಚ್ಚಳವನ್ನು ಅವಳೇ ತೆಗೆದಳು. ಅದರಡಿ ಸ್ಟೀಲು ಬಟ್ಟಲಿರಲಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣ ಹಾಕಿದ ಪುಟ್ಟ ಮರದ ಬಟ್ಟಲು, ಕೆಂಪು ಮೈ, ಹಳದಿ ಪಟ್ಟೆ. ಅದರ ತುಂಬ ಮೊಸರು. ಉಳಿದ ಏಳು ಬಟ್ಟಲಿನ ಮೊಸರು ಇದರ ಮುಂದೆ ಗಂಜಿ. ಬೆರಳಿಟ್ಟರೆ ಇನ್ನೂ ಬೆಚ್ಚಗಿತ್ತು. ಇವತ್ತಿನ ಬೆಳಗ್ಗೆ ಹೆಪ್ಪು ಹಾಕಿದ್ದು, ಬೀಗ ಹಾಕಿದ ಕೋಣೆಯೊಳಗೆ ತಾನಾಗಿ ನಡೆದು ಬಂದಿತ್ತು.

ಇಷ್ಟು ಚೆನ್ನಾದ ಮೊಸರು ಡ್ರಮ್ಮಿನಿಂದ ಬರಲಾರದೆಂದು ನಾಲ್ವರಿಗೂ ಗೊತ್ತಿತ್ತು. ಅಂದರೆ ಯಾರೋ, ಆಣೆ ಮುರಿದು, ಬೇರೆ ಗಡಿಗೆ ಇಟ್ಟಿದ್ದರು.

ಐದು ಗಂಟೆಗೆ ಅರಳಿಕಟ್ಟೆಯ ಸುತ್ತ ಮೂವತ್ತೆರಡು ಹೆಂಗಸರೂ ಕೂಡಿದರು. ಏಳು ಬಟ್ಟಲಿನ ಕಥೆ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನ ಮುದುಕಿಯೊಬ್ಬಳು "ನಂಗೆ ಮೊದ್ಲೇ ಗೊತ್ತಿತ್ತು" ಎಂದಳು, ಅವಳಿಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು. ಆಮೇಲೆ ಹನುಮಂತಮ್ಮ ಕೆಂಪು ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ನಿಮ್ಮೂರಲ್ಲಿ ನಾಲಿಗೆ ತುದೀಲೇ ಯಾರ ಮನೆ ಮೊಸರು ಅಂತ ಹೇಳ್ತೀರಂತಲ್ಲ. ಇದು ಯಾರ ಮನೇದು ಹೇಳಿ."

ಅಧ್ಯಕ್ಷೆಯೇ ಮೊದಲು ಬೆರಳು ಹಾಕಬೇಕು. ಗಂಗಲಕ್ಷ್ಮಮ್ಮ ಒಂದು ಚೂರು ತೆಗೆದು ಬಾಯಿಗಿಟ್ಟುಕೊಂಡಳು. ನುಂಗಲಿಲ್ಲ. ಕಟ್ಟೆಯ ಅಂಚು ಹುಡುಕಿ, ಮೆಲ್ಲಗೆ ಕೂತಳು.

"ಮೊದ್ಲು ಸಿಹಿ," ಎಂದಳು. "ಆಮೇಲೆ ಮಾವಿನ ಚಿಗುರಿನ ಒಗರು."

"ಯಾರದು?"

"ನಮ್ಮತ್ತೆ ಅಂಕಮ್ಮಂದು."

ಅಂಕಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

"ತಿಥಿ ದಿನ ಆ ಗಡಿಗೆ ನಾನೇ ತಗಂಡೋಗಿ ಒಡೆದೆ," ಎಂದಳು ಗಂಗಲಕ್ಷ್ಮಮ್ಮ. "ಸೂತಕದ ಮನೆ ಗಡಿಗೆ ಇಟ್ಕಂಬಾರ್ದು ಅಂತ. ಆಮೇಲೆ ಫಿರೋಜಾನ ಮನೆ ಹೆಪ್ಪೇ ನಮ್ಮನೇಗೆ. ಈ ರುಚಿ ಸತ್ತೋಗಿತ್ತು ಹನುಮಕ್ಕ. ನನ್ನ ಕೈಯಾರ ಸಾಯಿಸಿದ್ದೆ."

ಬಟ್ಟಲು ಕೈಯಿಂದ ಕೈಗೆ ಹೋಯಿತು. ವಯಸ್ಸಾದವರೆಲ್ಲ ತಲೆದೂಗಿದರು: ಅಂಕಮ್ಮಂದೇ. ಒಂದು ಕೈಯಲ್ಲಿ ಬಟ್ಟಲು ತಿರುಗಿ, ತಳ ಮೇಲೆ ಬಂತು. ಅಲ್ಲಿ ಉರ್ದು ಅಕ್ಷರದ ಸಣ್ಣ ಗುರುತು.

"ಇದು ಬಾಬಾಜಾನ್ ಗುರುತಲ್ವಾ? ಚನ್ನಪಟ್ಟಣದಾಗೆ ಬೊಂಬೆ ಕಡಿಯೋ ಫಿರೋಜಾನ ಅಣ್ಣಂದು?" ಎಂದಳು ಒಬ್ಬಳು.

ಒಂದೇ ಗಳಿಗೆ. ಬೆಳಗಾದ ಊರಿಗೆ ಮತ್ತೆ ಮೋಡ ಮುಚ್ಚಿತು. ಮೊಸರು ಕೆಡಿಸಿದ ಅಪವಾದದಿಂದ ಈಗತಾನೆ ಬಿಡಿಸಿಕೊಂಡವಳ ಕೊರಳಿಗೆ ಆಣೆ ಮುರಿದ ಅಪವಾದ ಬಂದು ಬಿತ್ತು. ಆ ಹಗ್ಗವನ್ನು ಎಸೆದದ್ದು ತನ್ನದೇ ನಲವತ್ತು ಬಟ್ಟಲು ಎಂದು ಹನುಮಂತಮ್ಮನಿಗೆ ಹೊಳೆಯಿತು.

"ಬಟ್ಟಲು ನಂದೇ," ಎಂದಳು ಫಿರೋಜಾ ಎದ್ದು ನಿಂತು. ದನಿ ಅಲುಗಲಿಲ್ಲ. "ನನ್ನ ಮದುವೇಲಿ ಅಣ್ಣ ಕೊಟ್ಟಿದ್ದು. ಮೊಸರು ನಂದಲ್ಲ. ಶೆಡ್ಡೊಳಗೆ ಇಟ್ಟಿದ್ದೂ ನಾನಲ್ಲ."

"ಬಟ್ಟಲು ಯಾರಿಗೆ ಕೊಟ್ಟಿದ್ದೆ?" ಎಂದಳು ಹನುಮಂತಮ್ಮ.

"ಒಬ್ಬರಿಗೆ."

"ಹೆಸರೇಳು. ಇಲ್ಲಾಂದ್ರೆ ಇವರು ಕೈಯೆತ್ತಾರೆ."

"ಎತ್ಲಿ. ಯಾರ ಮುಂದೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಎಂಟು ದಿನ ನನ್ನ ಕಳ್ಳಿ ಅಂದ್ರಿ, ಆಗ್ಲೂ ಹೇಳ್ಲಿಲ್ಲ. ಈಗ್ಲೂ ಹೇಳಕ್ಕಿಲ್ಲ." ಅವಳು ಬಟ್ಟಲನ್ನು ಇಸಕೊಂಡು ಎದೆಗೆ ಒತ್ತಿಕೊಂಡಳು. "ಆದ್ರೆ ಇದ್ನ ಅಲ್ಲಿ ತಂದಿಟ್ಟೋರು ನನ್ನ ಉಳಿಸಕ್ಕೆ ತಂದಿಟ್ರು. ಅಷ್ಟು ಸಾಕು ನಂಗೆ."

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಮತ್ತೊಂದು. ಆಣೆ ಎಂದರೆ ಆಣೆ. ಐದು, ಎಂಟು, ಹನ್ನೊಂದು. ಗಂಗಲಕ್ಷ್ಮಮ್ಮನ ಕೈ ಮಡಿಲಲ್ಲೇ ಇತ್ತು.

ಹನುಮಂತಮ್ಮ ಕೈಗಳನ್ನು ನೋಡುವುದು ಬಿಟ್ಟಳು. ದೇವರ ಗೂಡಿನ ಮೊಳೆಯ ಕೀಲಿ. ಮುಚ್ಚಿದ ಪಾತ್ರೆಯಿಂದ ದಿನಾ ಅರ್ಧ ಲೋಟ ಕುಡಿಯುವ ಬುದ್ಧಿವಂತ ಬೆಕ್ಕು. ಆಣೆ ಮಾಡಿದ್ದು ಹೆಂಗಸರು, ಮೂವತ್ತೆರಡು ಹೆಂಗಸರು ಮಾತ್ರ. ಅವಳ ಕಣ್ಣು ನಿಧಾನಕ್ಕೆ ಕಟ್ಟೆಯ ಆಚೆ ತುದಿಗೆ, ಗಂಡಸರು ಕೂತಲ್ಲಿಗೆ ಹರಿಯಿತು. ನಾಲ್ಕು ಕೋಟಿ ಚಿಟ್ಟೆ ನೋಡಿದ ಕಣ್ಣು ಅಲ್ಲಿ ಒಂದು ದೊಡ್ಡ ಒರಟು ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಣಗಿದ ಬಿಳಿಯ ಗೆರೆಯೊಂದನ್ನು ಕಂಡಿತು.

ಅಂಕಮ್ಮನ ಒಬ್ಬನೇ ಮಗ ದೊಡ್ಡಹನುಮಯ್ಯ ಬೀಡಿ ಎಸೆದು ಎದ್ದು ನಿಂತ. ಮೀಸೆ ಅದುರುತ್ತಿತ್ತು. ಹನುಮಂತಮ್ಮ ತನ್ನನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತು. ಏರುತ್ತಿದ್ದ ಕೈಗಳೂ ಕಂಡವು. ಹೆಂಡತಿಯ ಮುಖವೂ ಕಂಡಿತು. ಏನೋ ಹೇಳಲು ಬಾಯಿ ತೆರೆದ.

ಆಮೇಲೆ ಟವಲು ಹೆಗಲಿಗೆ ಎಸೆದುಕೊಂಡು, ತನ್ನ ದನದ ಕೊಟ್ಟಿಗೆಯ ಕಡೆಗೆ ದಾಪುಗಾಲು ಹಾಕಿದ. ಕೊಟ್ಟಿಗೆಯ ಬಾಗಿಲಲ್ಲಿ ಒರಗಿದ್ದ ಹಾರೆಯನ್ನು ಕೈಗೆತ್ತಿಕೊಂಡು ಒಳಗೆ ಹೋದ.

"ಗಫಾರ್," ಎಂದಳು ಹನುಮಂತಮ್ಮ, ಸೀರೆ ನೆರಿಗೆ ಎತ್ತಿ ಕಟ್ಟುತ್ತ, "ಗಂಗೂ ಗಡಿಗೆ ಒಡೆಯೋ ಮುಂಚೆ ಅವ್ವನ ಹೆಪ್ಪು ಒಂದು ಚಮಚ ಎತ್ತಿಟ್ಕಂಡವ್ನೆ; ಅದರ ಗಡಿಗೆ ಕೊಟ್ಟಿಗೆ ನೆಲದಲ್ಲಿ ಹೂತೈತೆ. ಅವನು ಅದನ್ನ ತರಕ್ಕೋದನೋ, ಒಡೆಯಕ್ಕೋದನೋ?"

ಕೊಟ್ಟಿಗೆಯೊಳಗಿಂದ ಹಾರೆಯ ಮೊದಲ ಪೆಟ್ಟು ಕೇಳಿಸಿತು.